ಲಲಿತಾಬಾಯಿ ಕೇಳಿದ ಕಪ್ಪು ಮೆಹಂದಿ

ಬಸವಕಲ್ಯಾಣದ ಅಸ್ಗರಿಗೆ ಮೆಹಂದಿ ಹಾಕುವುದೇ ಕಸುಬು. ಹುಮನಾಬಾದ್ ಸುತ್ತಲಿನ ಹಳ್ಳಿಗಳ ಮದುವೆಮನೆಗಳಿಂದ ಅವಳಿಗೆ ಕರೆ ಬರುತ್ತಲೇ ಇರುತ್ತದೆ. ಕೈ ಮೆತ್ತಗೆ, ಬಾಯಿ ಮಹಾ ಜೋರು. ಎಲೆಪುಡಿಯನ್ನು ತಾನೇ ಜರಡಿ ಹಿಡಿದು ಕಲಸುತ್ತಾಳೆ. ಅವಳ ಬಟ್ಟಲಿಗೆ ಇನ್ನೊಬ್ಬರು ಕೈ ಹಾಕಿದರೆ ಮುಗಿಯಿತು ಅವರ ಕಥೆ.

ದುಬಲಗುಂಡಿಯ ಸ್ನೇಹಲ್‌ಳ ಮದುವೆಗೆ ಎರಡು ದಿನವಿತ್ತು. ಅವಳ ಎಡಗೈ ಮುಗಿಸಿ ಅಸ್ಗರಿ ಊಟಕ್ಕೆದ್ದಳು. ಹುಡುಗಿಯ ಸೋದರತ್ತೆ ಲಲಿತಾಬಾಯಿ ಇದಕ್ಕೇ ಕಾದಿದ್ದಳು. ಮೆಹಂದಿ ಕಪ್ಪಗೆ ಹತ್ತದಿದ್ದರೆ ಬೀಗರು ಆಡಿಕೊಂಡಾರು ಎಂಬುದು ಆಕೆಯ ಚಿಂತೆ. ತಾನು ಕೂದಲಿಗೆ ಹಚ್ಚುವ ಡೈ ಪುಡಿಯನ್ನು ತಂದು ಬಟ್ಟಲಿಗೆ ಸುರಿದು, ಕಲಸಿಟ್ಟು, ಏನೂ ಅರಿಯದವಳಂತೆ ಕುಳಿತಳು.

ಅಸ್ಗರಿ ಬಂದು ಹೊಸ ಕೋನ್ ತುಂಬಿ ಬಲ ಮಣಿಕಟ್ಟಿನ ಮೇಲೆ ಬಳ್ಳಿ ಎಳೆದಳು. ನೋಡನೋಡುತ್ತ ಬಳ್ಳಿ ಕಪ್ಪಾಯಿತು. ಬರೀ ಎಲೆಪುಡಿ ಹೀಗೆ ಎಂದೂ ಕಪ್ಪಾಗುವುದಿಲ್ಲ.

"ಇದರಾಗ ಏನ್ ಹಾಕೀರಿ?"

"ಡೈ ಹಾಕೀನಿ," ಎಂದಳು ಲಲಿತಾಬಾಯಿ. "ತಲಿಗೆ ನಡೀತದ, ಕೈಗೆ ಯಾಕ ನಡ್ಯಾಂಗಿಲ್ಲ?"

ಅಸ್ಗರಿ ಹುಡುಗಿಯನ್ನು ಬಚ್ಚಲಿಗೆ ಎಳೆದೊಯ್ದು ನಳದ ಕೆಳಗೆ ಕೈ ಹಿಡಿಸಿ ತಿಕ್ಕತೊಡಗಿದಳು. ಮನೆಯ ಹೆಂಗಸರೆಲ್ಲ ಬಾಯಿ ಬಿಟ್ಟುಕೊಂಡು ನಿಂತರು.

"ಮದುಮಗಳಿಗೆ ಹಚ್ಚಿದ್ದು ತೊಳ್ಯಾಕತ್ತಿ? ಬುದ್ಧಿ ಎಲ್ಲಿಟ್ಟಿ?" ಎಂದು ಲಲಿತಾಬಾಯಿ ರೇಗಿದಳು.

"ಇದು ಕೂದಲಿಗೆ ಅಂತ ಮಾಡಿದ್ದರಿ ಅಕ್ಕಾರ. ಕೂದಲಿಗೆ ಹಚ್ಚಬೇಕಾದ್ರೂ ಮೊದ್ಲ ಕಿವಿ ಹಿಂದ ಒಂಚೂರು ಹಚ್ಚಿ ಎರಡು ದಿನ ನೋಡ್ಬೇಕು. ಕೈಗೆ ಹಚ್ಚಿದ್ರ ಗುಳ್ಳಿ ಏಳ್ತಾವ."

"ನಾ ವರ್ಷಾನುಗಟ್ಟಲೆ ಹಚ್ಚಾಕತ್ತೀನಿ, ನನಗೇನಾಗ್ಯದ?"

"ಬ್ಯಾಡ್ರಿ, ಕೈ ಮುಗೀತೀನಿ," ಎಂದು ಅಸ್ಗರಿ ಅಂಗಲಾಚಿದಳು. ಲಲಿತಾಬಾಯಿ ಅಷ್ಟರಲ್ಲೇ ಬಟ್ಟಲಿಗೆ ಬೆರಳದ್ದಿ ಬಲಗೈ ತುಂಬ ಬಳಿದುಕೊಂಡಿದ್ದಳು. ಹಟಕ್ಕೆ ಬಿದ್ದರೆ ಆಕೆ ಯಾರ ಮಾತನ್ನೂ ಕೇಳುವವಳಲ್ಲ.

ಚೀಲದಲ್ಲಿ ಉಳಿದಿದ್ದ ಪುಡಿಯನ್ನು ಬೇರೆ ಕಲಸಿ, ನೆನೆಯಲು ಹೊತ್ತಿಲ್ಲದೆ ಹಾಗೇ ಹಚ್ಚಿ ಬಲಗೈ ಮುಗಿಸಿ ಅಸ್ಗರಿ ಬಸ್ ಹತ್ತಿದಳು. ದಾರಿಯುದ್ದಕ್ಕೂ ಅವಳಿಗೆ ಭಯ. ತೊಳೆದದ್ದು ಸಾಲದೆ ಹುಡುಗಿಯ ಕೈ ಉರಿದೆದ್ದರೆ? ಡೈ ಯಾರು ಹಾಕಿದರೆಂದು ಯಾರೂ ಕೇಳುವುದಿಲ್ಲ. ಅಸ್ಗರಿ ಹಾಕಿದ ಮೆಹಂದಿ ಎಂದೇ ಊರೂರು ಹೇಳುತ್ತದೆ. ಮರುದಿನವೆಲ್ಲ ಅವಳು ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡು ಕುಳಿತಳು.

ಮದುವೆಯ ದಿನ ಬೆಳಿಗ್ಗೆ ಸ್ನೇಹಲ್ ಫೋನ್ ಮಾಡಿದಳು, ಅಳುತ್ತಿದ್ದಳು. "ಆಪಾ, ಲಗೂನ ಬರ್ರಿ."

"ಕೈಗೆ ಏನಾತವ್ವ?"

"ನನಗಲ್ರಿ. ನಮ್ಮ ಸೋದರತ್ತಿಗೆ."

ಅಸ್ಗರಿ ಹೋದಾಗ ಲಲಿತಾಬಾಯಿಯ ಬಲಗೈ ಊದಿಕೊಂಡಿತ್ತು, ಅಂಗೈ ತುಂಬ ನೀರುಗುಳ್ಳೆ, ಉಂಗುರ ಬೆರಳಲ್ಲಿ ಹೂತುಹೋಗಿತ್ತು. ನೋವಿಗಿಂತ ಹೆಚ್ಚಾಗಿ ಆಕೆ ನಾಚಿಕೆಯಿಂದ ಅಳುತ್ತಿದ್ದಳು. ಹುಮನಾಬಾದಿಗೆ ಕರೆದೊಯ್ದರು. ಡಾಕ್ಟರು ಉಂಗುರ ಕತ್ತರಿಸಿ, ಔಷಧಿ ಹಚ್ಚಿ ಬಟ್ಟೆ ಸುತ್ತಿ, ಇನ್ನು ಮೇಲೆ ಕೂದಲಿಗೂ ಡೈ ಮುಟ್ಟಿಸಬೇಡಿ ಎಂದರು.

ಮಂಟಪಕ್ಕೆ ಬಂದ ಕೂಡಲೇ ಅಸ್ಗರಿ ಸ್ನೇಹಲ್‌ಳ ಬಲ ಮಣಿಕಟ್ಟನ್ನು ತಿರುಗಿಸಿ ನೋಡಿದಳು. ಒಂದು ಗುಳ್ಳೆಯೂ ಇರಲಿಲ್ಲ. ಅವಳಿಗೆ ಆಗ ಉಸಿರು ಬಂತು. ಆದರೆ ವರನ ತಾಯಿಯೂ ಆ ಕೈಯನ್ನೇ ನೋಡುತ್ತಿದ್ದಳು.

"ಬಣ್ಣ ಭಾಳ ಫಿಕ್ಕಾ ಅದಲ್ಲ, ಹತ್ತೇ ಇಲ್ಲ. ಯಾರ ಹಾಕಿದ್ರು?"

ಲಲಿತಾಬಾಯಿ ಸೆರಗಿನೊಳಗಿಂದ ಬಟ್ಟೆ ಸುತ್ತಿದ ಕೈ ತೆಗೆದು ಬೀಗಿತ್ತಿಯ ಮುಂದೆ ಚಾಚಿದಳು.

"ಅಸ್ಗರಿ ಹಾಕ್ಯಾಳ್ರಿ. ಕಪ್ಪಂದು ನಾ ಹಾಕ್ಕೊಂಡೀನಿ, ನೋಡ್ರಿ."