ಹಳ್ಳ ದಾಟಿಸದೆ ಕಾಯ್ದ ದೇವರು

ನನ್ನ ಮಗಳು ಪದ್ಮಾ ಎರಡು ವರ್ಷದವಳಿದ್ದಾಗ, ಒಂದು ಕಾರ್ತೀಕ ಮಾಸದಲ್ಲಿ ಅವಳಿಗೆ ವಾಂತಿ-ಭೇದಿ ಹತ್ತಿತು. ಮೊದಲ ದಿನ ಏಳೆಂಟು ಸಲ ಆಯಿತು. ಮರುದಿನ ನಾವು ಎಣಿಸುವುದನ್ನೇ ಬಿಟ್ಟೆವು. ಆಗ ನಮ್ಮ ಮನೆ ದೇವದುರ್ಗದಲ್ಲಿತ್ತು. ಓಣಿಯ ಪ್ರಾಣದೇವರ ಗುಡಿಯಲ್ಲಿ ನಮ್ಮ ಯಜಮಾನರು ಪೂಜೆ ಮಾಡುತ್ತಿದ್ದರು. ಇದೆಲ್ಲ ನಡೆದು ಎಂಟು ವರ್ಷವಾಯಿತು. ಇಷ್ಟು ದಿನ ಬರೆಯದೆ ಇದ್ದುದಕ್ಕೆ ಕಾರಣವಿದೆ, ಕೊನೆಯಲ್ಲಿ ಹೇಳುತ್ತೇನೆ.

ಭಕ್ತ ಬಂಧುಗಳು ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು. ಪದ್ಮಾ ನಮ್ಮ ಎರಡನೆಯ ಮಗು. ಮೊದಲನೆಯವನು ಪ್ರಾಣೇಶ. ಪದ್ಮಾ ಹುಟ್ಟುವುದಕ್ಕೆ ಮುಂಚಿನ ಬೇಸಿಗೆಯಲ್ಲಿ ಅವನು ಇದೇ ಬೇನೆಯಿಂದ ಮೂರೇ ದಿನದಲ್ಲಿ ತೀರಿಕೊಂಡಿದ್ದ. ವಾಂತಿ-ಭೇದಿ ಆದ ಮಗುವಿಗೆ ಬಾಯಿ ಕಟ್ಟಬೇಕು, ನೀರು ಕುಡಿಸಿದಷ್ಟೂ ಹೊಟ್ಟೆ ಹರಿಯುತ್ತದೆ ಎಂಬುದು ನಮ್ಮ ಹಿರಿಯರ ಮಾತು. ಅತ್ತೆಯವರು ಹೇಳಿದರು, ನಾನು ಪಾಲಿಸಿದೆ. ಅವನು ಮಲಗಿದಲ್ಲಿಂದಲೇ ಅಡುಗೆಮನೆಯ ಹಿತ್ತಾಳೆ ತಂಬಿಗೆಯನ್ನು ನೋಡುತ್ತಿದ್ದ. ಬಿಸಿಲಿಗೆ ಅದರ ಹೊಳಪು ಕಣ್ಣು ಕುಕ್ಕುತ್ತದೇನೋ ಎಂದು ನಾನು ಬಾಗಿಲು ಮುಂದೆ ಮಾಡಿದ್ದೆ.

ಪದ್ಮಾಳಿಗೂ ಅದೇ ಪಥ್ಯ ನಡೆಯಿತು. ತುಟಿಗೆ ಒದ್ದೆ ಬಟ್ಟೆ ಸವರುತ್ತಿದ್ದೆವು, ಅಷ್ಟೆ. ಮೂರನೆಯ ದಿನ ಅವಳು ಕತ್ತು ಎತ್ತದಾದಾಗ ರಾಯಚೂರಿನ ಆಸ್ಪತ್ರೆಗೆ ಒಯ್ಯುವುದೆಂದು ಹೊರಟೆ. ಹೊರಗೆ ಮಳೆ ಎರಡು ದಿನದಿಂದ ಹಿಡಿದುಕೊಂಡಿತ್ತು.

"ಆಂಧ್ರದ ಕಡೆ ತುಫಾನು ಬರಾಕತ್ತದಂತ, ರೇಡಿಯೋದಾಗ ಹೇಳ್ಯಾರ. ದಾರಿಯೊಳಗ ಹಳ್ಳಕೊಳ್ಳ ಭಾಳ ಅವ. ಒಂದು ದಿನ ನೋಡೋಣೇನು?" ಎಂದರು ಯಜಮಾನರು.

ನನ್ನ ಬಾಯಿ ಮೊದಲಿನಿಂದಲೂ ಸ್ವಲ್ಪ ಖಾರ. "ಕಡಲು ಎಲ್ಲದ, ದೇವದುರ್ಗ ಎಲ್ಲದ? ಹಿಂದಕ್ಕೂ ಹಿಂಗೇ ಒಂದು ದಿನ ನೋಡೋಣ ಅಂದಿದ್ರಿ" ಎಂದೆ. ಅವರು ಗುಡಿಯಲ್ಲಿ ಕಾರ್ತೀಕದ ದೀಪ ತಪ್ಪಿಸುವ ಹಾಗಿರಲಿಲ್ಲ, ಅದಕ್ಕೆ ನನ್ನ ಜೊತೆ ಅತ್ತೆಯವರು ಹೊರಟರು. ಅವರು ಮಡಿ ಹೆಂಗಸು. ಹೊರಗೆ ಹೊರಟರೆ ಒಂದು ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ.

ಬೆಳಿಗ್ಗೆ ಏಳರ ಬಸ್ಸು. ಹತ್ತು ಹದಿನೈದು ಜನರಿದ್ದೆವು. ಕಿಟಕಿಗೆ ಇಳಿಬಿಟ್ಟ ತಾಡಪತ್ರಿ ಗಾಳಿಗೆ ಪಟಪಟ ಬಡಿದು ನೀರೆಲ್ಲ ಮೈಮೇಲೆ ಬರುತ್ತಿತ್ತು. ಅರ್ಧ ದಾರಿಯ ಮೇಲೆ ಒಂದು ಹಳ್ಳ ಬಂತು. ಅಲ್ಲಿದ್ದದ್ದು ಕಲ್ಲು ಹಾಸಿದ ತಗ್ಗು ಸೇತುವೆ. ಅದರ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಬಸ್ಸಿಗೂ ಹಳ್ಳಕ್ಕೂ ನಡುವೆ, ರಸ್ತೆಯ ತುಂಬ ಒಂದು ದೊಡ್ಡ ಕುರಿ ಹಿಂಡು ನಿಂತಿತ್ತು.

ಡ್ರೈವರ್ ಹಾರ್ನ್ ಹೊಡೆದೇ ಹೊಡೆದ. ಕಂಬಳಿ ಕೊಪ್ಪೆ ಹಾಕಿಕೊಂಡಿದ್ದ ನಡುವಯಸ್ಸಿನ ಕುರುಬ ಜಾಗ ಬಿಟ್ಟು ಕದಲಲಿಲ್ಲ.

"ದಾರಿ ಬಿಡೋ. ನೀರು ಮೊಣಕಾಲುದ್ದ ಇಲ್ಲ" ಎಂದ ಡ್ರೈವರ್.

"ಹೋತ ಇಳಿಯವಲ್ದರೀ" ಎಂದ ಕುರುಬ. ಹಿಂಡಿನ ಮುಂದೆ ಗಂಟೆ ಕಟ್ಟಿದ ಒಂದು ಗಂಡಾಡು ನೀರಿನ ಅಂಚಿಗೆ ಹೋಗಿ, ಮೂಸಿ, ಹಿಂದೆ ಸರಿಯುತ್ತಿತ್ತು. "ದಿನಾ ಮುಂದ ಹೋಗೂದು ಅದೇ. ಅದು ಕಾಲಿಡದ ನೀರಿಗೆ ನಾವು ಇಳಿಯೂದಿಲ್ಲ."

"ನಂದು ಬಸ್ ಅದ, ಆಡಲ್ಲ."

"ನೀರಿಗೆ ಎಲ್ಲಾನೂ ಒಂದೇ ರೀ. ತಳದಾಗ ಕಲ್ಲು ಅವೋ ಇಲ್ಲೋ ಯಾರಿಗೆ ಗೊತ್ತು?"

ನಾನು ಮಗುವನ್ನು ಅತ್ತೆಯವರ ಮಡಿಲಿಗೆ ಕೊಟ್ಟು ಮಳೆಯಲ್ಲಿ ಇಳಿದು ಹೋದೆ. ಮೊದಲು ಡ್ರೈವರನಿಗೆ ಕೈ ಮುಗಿದೆ, ಹೇಗಾದರೂ ಮಾಡಿ ದಾಟಿಸಪ್ಪಾ ಎಂದೆ. ಆಮೇಲೆ ಕುರುಬನ ಕಡೆ ತಿರುಗಿ ಬಾಯಿಗೆ ಬಂದದ್ದನ್ನೆಲ್ಲ ಅಂದೆ. "ನಿನ್ನ ಆಡಿನ ಸಲುವಾಗಿ ನನ್ನ ಕೂಸು ಸಾಯಬೇಕೇನು? ನಿನ್ನ ಹಿಂಡು ಹಾಳಾಗಿ ಹೋಗಲಿ."

"ಬೈರಿ ಯವ್ವಾ" ಎಂದ ಅವನು. "ಬೈದ್ರ ನೀರು ಇಳಿಯೂದಿಲ್ಲ."

ಅವನೂ ಹಿಂಡೂ ಕದಲಲಿಲ್ಲ. ಅರ್ಧ ಗಂಟೆಯೊಳಗೆ ನೀರು ಸೇತುವೆಯ ಪಕ್ಕದ ಕಲ್ಲುಗಳನ್ನೂ ನುಂಗಿತು. ಡ್ರೈವರ್ ಬಸ್ಸನ್ನು ಹಿಂದಕ್ಕೆ ತಿರುಗಿಸಿದರೆ ಎರಡು ಮೈಲಿಗೆಲ್ಲ ಹಿಂದಿನ ಹಳ್ಳವೂ ತುಂಬಿ ನಿಂತಿತ್ತು. ಮತ್ತೆ ಅದೇ ಜಾಗಕ್ಕೆ ಬಂದು ನಿಂತೆವು. ಎರಡು ಹಳ್ಳಗಳ ನಡುವೆ ಒಂದು ಗುಡಿಸಲೂ ಇರಲಿಲ್ಲ.

ಬಸ್ಸಿನಲ್ಲಿ ಕೂತು ಪ್ರಾಣದೇವರನ್ನು ಕರೆದೆ. ಸಮುದ್ರ ಹಾರಿದವನು ನೀನು, ಈ ಒಂದು ಹಳ್ಳ ದಾಟಿಸಲಾರೆಯಾ ಎಂದೆ. ಮಗಳು ಉಳಿದರೆ ನಲವತ್ತೆಂಟು ದಿನ ಹೆಜ್ಜೆ ನಮಸ್ಕಾರ ಹಾಕುತ್ತೇನೆಂದು ಹರಕೆ ಹೊತ್ತೆ. ಮಳೆ ಇನ್ನೂ ಜೋರಾಯಿತು. ಪದ್ಮಾಳ ಕಣ್ಣುಗಳು ಗುಳಿಬಿದ್ದಿದ್ದವು. ಅಳುವ ಹಾಗೆ ಬಾಯಿ ತೆರೆಯುತ್ತಿದ್ದಳು, ದನಿಯೂ ಇಲ್ಲ, ಕಣ್ಣೀರೂ ಇಲ್ಲ. ಹಿಂದಿನ ದಿನ ಮಧ್ಯಾಹ್ನದಿಂದ ಅವಳು ಮೂತ್ರ ಮಾಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಾನು ದೇವರನ್ನು ಕರೆಯುವುದನ್ನು ಬಿಟ್ಟೆ. ಇದನ್ನು ಮುಚ್ಚಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಪ್ರಾಣೇಶನನ್ನು ಮಣ್ಣು ಮಾಡಿದ ಜಾಗ ಮಾತ್ರ. ಈ ಮಳೆಯಲ್ಲಿ ಗುಂಡಿ ತೋಡಿದರೆ ನೀರು ತುಂಬುತ್ತದಲ್ಲ, ಕೂಸನ್ನು ನೀರಿನಲ್ಲಿ ಹೇಗೆ ಮಲಗಿಸುವುದು ಎಂದು ಯೋಚಿಸುತ್ತಿದ್ದೆ. ಅತ್ತೆಯವರು ತುಳಸಿಮಣಿ ಹಿಡಿದಿದ್ದರು, ಬೆರಳು ಮಾತ್ರ ಒಂದೇ ಮಣಿಯ ಮೇಲೆ ನಿಂತಿತ್ತು.

ಆಗ ಕುರುಬನ ಹೆಂಡತಿ ಬಸ್ಸಿನ ಬಾಗಿಲಲ್ಲಿ ಬಂದು ನಿಂತಳು. "ಮುಂಜಾನಿ ಕೂಸಿನ ನರಳಾಟ ಕೇಳತಿತ್ತು. ಈಗ ಯಾಕ ಸುಮ್ಮನಾಗ್ಯದ ಯವ್ವಾ?"

ಅವಳು ಕೇಳದೆಯೇ ಒಳಗೆ ಬಂದು ಪದ್ಮಾಳ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟಳು. ಎತ್ತಿದ ಚರ್ಮ ಹಾಗೇ ನಿಂತಿತು.

"ಒಣಗ್ಯದ. ಏನು ಕುಡಿಸೀರಿ?"

"ಏನೂ ಇಲ್ಲ. ಹೊಟ್ಟಿ ನಿಲ್ಲೋತನ ಕುಡಸಬಾರದು" ಎಂದೆ.

ಅವಳು ನನ್ನ ಮುಖ ನೋಡಿದಳು. "ನಮ್ಮ ಮರಿಗೆ ಹೊಟ್ಟಿ ಕೆಟ್ಟರ ಉಪ್ಪು ಹಾಕಿ ಗಂಜಿ ತಿಳಿ ಕುಡಸತೀವಿ ಯವ್ವಾ. ಎಷ್ಟು ಹೋಗತದೋ ಅಷ್ಟು ಮತ್ತ ಹಾಕತೀವಿ. ನೀರು ನಿಲ್ಲಿಸಿದ ಮರಿ ಉಳಿಯೂದಿಲ್ಲ."

ಹಿಂಡಿನ ಜೊತೆಗಿದ್ದ ಕತ್ತೆಯ ಮೇಲಿನ ಗಂಟಿನಿಂದ ಒಂದು ಗಡಿಗೆ ತಂದಳು. ಬೆಳಿಗ್ಗೆ ಕಾಸಿದ ಜೋಳದ ಗಂಜಿ, ಮೇಲೆ ತಿಳಿ ನಿಂತಿತ್ತು. ನಾನು ಕೈ ಚಾಚಲಿಲ್ಲ. ಎದೆಯಲ್ಲಿ ಎರಡು ಭಯ ಇದ್ದವು. ನೀರು ಒಳಗೆ ಹೋದರೆ ಇರುವ ಜೀವವೂ ಹೋದೀತು ಎಂಬುದು ಒಂದು. ಇನ್ನೊಂದನ್ನು ಬರೆಯಲು ನಾಚಿಕೆಯಾಗುತ್ತದೆ. ಮಗು ಸಾಯುತ್ತಿರುವಾಗಲೂ ಅದು ಯಾರ ಮನೆಯ ಗಡಿಗೆ ಎಂದು ಲೆಕ್ಕ ಹಾಕಿದೆ. ಅತ್ತೆಯವರ ಮುಖ ನೋಡಿದೆ.

ಅವರು ಮಣಿಯನ್ನು ಸೆರಗಿಗೆ ಗಂಟು ಹಾಕಿದರು. ಕಿಟಕಿಯ ಕಡೆ ಮುಖ ತಿರುಗಿಸಿ ಕೂತರು. "ನಾ ನೋಡೂದಿಲ್ಲ. ಕುಡಸು" ಎಂದರು.

ಕುರುಬಗಿತ್ತಿ ಬಟ್ಟೆಯ ಚುಂಗನ್ನು ತಿಳಿಯಲ್ಲಿ ಅದ್ದಿ ಪದ್ಮಾಳ ತುಟಿಗೆ ಹಿಂಡಿದಳು. ಮೊದಲು ಅದು ಕಟಬಾಯಿಯಿಂದ ಇಳಿದು ಹೋಯಿತು. ಹತ್ತು ಸಲ ಆದಮೇಲೆ ಗಂಟಲು ಅಲ್ಲಾಡಿತು. ಒಂದು ಸಲ ಕಾರಿಕೊಂಡಳು. ನಾನು ಮುಗಿಯಿತು ಎಂದುಕೊಂಡೆ. "ಇರಲಿ, ಮತ್ತ ಹಾಕೋಣ" ಎಂದಳು ಆಕೆ. ಹೀಗೆ ಹನಿ ಹನಿ, ಆಮೇಲೆ ಚಮಚ ಚಮಚ, ಮಧ್ಯಾಹ್ನ ಪೂರ್ತಿ. ನನಗೆ ಆಸೆ ಇರಲಿಲ್ಲ, ಕೈ ಮಾತ್ರ ಆಡುತ್ತಿತ್ತು.

ಇನ್ನೂ ಬೆಳಕಿತ್ತು. ನನ್ನ ತೊಡೆ ಬೆಚ್ಚಗಾಯಿತು. ಏನೆಂದು ತಕ್ಷಣ ತಿಳಿಯಲಿಲ್ಲ. ಪದ್ಮಾ ನನ್ನ ಸೀರೆಯ ಮೇಲೆ ಮೂತ್ರ ಮಾಡಿದ್ದಳು.

"ಉಚ್ಚಿ ಬಿಡ್ತು ಯವ್ವಾ, ಬಿಡ್ತು" ಎಂದು ಆಕೆ ನಕ್ಕಳು. ಅತ್ತೆಯವರು ಆಗ ತಿರುಗಿ ನೋಡಿದರು. ಆ ಒದ್ದೆ ಸೀರೆಯನ್ನು ಮುಟ್ಟಿದರು, ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಹುಟ್ಟಿದಾಗಿನಿಂದ ಮಡಿ ಕಾಯ್ದುಕೊಂಡು ಬಂದ ಹೆಂಗಸು ಅವರು. ನನಗೆ ಆಗ ಅಳು ಬಂತು.

ಮರುದಿನ ಮಳೆ ನಿಂತು ನೀರು ಇಳಿದಾಗ ಎಲ್ಲರೂ ನೋಡಿದೆವು. ಸೇತುವೆಯ ನಡುವಿನ ಕಲ್ಲುಗಳೇ ಇರಲಿಲ್ಲ, ಬಸ್ಸು ಮುಳುಗುವಷ್ಟು ದೊಡ್ಡ ಕಂದಕ ಬಿದ್ದಿತ್ತು. ಡ್ರೈವರ್ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಕುರುಬ ಹಿಂಡನ್ನು ಹಳ್ಳದ ದಂಡೆಗುಂಟ ಸ್ವಲ್ಪ ಮೇಲಕ್ಕೆ ಹೊಡೆದುಕೊಂಡು ಹೋದ. ಅಲ್ಲಿ ಹೋತ ಇಳಿಯಿತು, ಅದರ ಹಿಂದೆ ನಾವು ಇಳಿದೆವು. ಪದ್ಮಾಳನ್ನು ಅವನೇ ಕಂಬಳಿಯಲ್ಲಿ ಸುತ್ತಿ ಹೆಗಲ ಮೇಲೆ ದಾಟಿಸಿದ. ನಾನು ಬೈದದ್ದಕ್ಕೆ ತಪ್ಪಾಯಿತು ಎಂದೆ. "ಕೂಸಿನ ತಾಯಿ ಬೈಯದ ಇನ್ಯಾರು ಬೈಬೇಕು, ಬಿಡ್ರಿ" ಎಂದ. ಆಚೆ ದಡದಲ್ಲಿ ಲಾರಿ ಸಿಕ್ಕಿತು. ಅವಸರದಲ್ಲಿ ಅವರಿಬ್ಬರ ಹೆಸರು ಕೇಳಲಿಲ್ಲ. ಪ್ರತಿ ಕಾರ್ತೀಕದಲ್ಲಿ ಹಿಂಡು ಕಂಡಲ್ಲೆಲ್ಲ ವಿಚಾರಿಸಿದ್ದೇನೆ, ಸಿಕ್ಕಿಲ್ಲ.

ರಾಯಚೂರಿನಲ್ಲಿ ಡಾಕ್ಟರು ಪದ್ಮಾಳನ್ನು ನೋಡಿ, ಸಲೈನ್ ಹಚ್ಚಿ, ಹೇಳಿದರು: "ನೀರು ಕುಡಿಸಿದ್ದಕ್ಕೇ ಉಳಿದಾಳ. ಈ ಬೇನಿಯೊಳಗ ಮಕ್ಕಳು ಸಾಯೋದು ಒಣಗಿ. ಕುಡಸದಿದ್ದರ ನಿನ್ನೆ ಸಂಜಿ ತನಕಾನೂ ಇರತಿರಲಿಲ್ಲ."

ನಾವು ಅತ್ತೆ ಸೊಸೆ ವರಾಂಡದ ಬೆಂಚಿನ ಮೇಲೆ ಕೂತೆವು. ಅತ್ತೆಯವರು, "ಹಂಗಾದ್ರ ಪ್ರಾಣೇಶಗ..." ಎಂದು ಶುರು ಮಾಡಿ ನಿಲ್ಲಿಸಿದರು. ಆ ಮಾತು ಅವರು ಸಾಯುವವರೆಗೂ ಅಷ್ಟಕ್ಕೇ ನಿಂತಿತ್ತು. ಹೋದ ವರ್ಷ ಅವರು ತೀರಿಕೊಂಡರು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಪದ್ಮಾಳಿಗೆ ಈಗ ಹತ್ತು ವರ್ಷ. ನನ್ನ ತವರಾದ ಮಾನ್ವಿಯಲ್ಲಿ ಅಜ್ಜನ ಮನೆಯಲ್ಲಿದ್ದು ಓದುತ್ತಾಳೆ. ಹರಕೆಯ ನಮಸ್ಕಾರ ನಲವತ್ತೆಂಟು ದಿನವೂ ಸಲ್ಲಿಸಿದೆ. ದಾಟಿಸು ಎಂದು ಬೇಡಿದವಳನ್ನು ಸ್ವಾಮಿ ಒಂದು ಆಡಿನ ಕಾಲು ಹಿಡಿದು ತಡೆದ, ತಡೆದ ದಡದಲ್ಲೇ ಗಂಜಿ ಇಟ್ಟಿದ್ದ. ಇದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಅವನು ಕೊಟ್ಟ ಮಗುವಿನ ಜೊತೆಗೆ ಕೊಟ್ಟ ತಿಳಿವಳಿಕೆಯನ್ನು ಹೊರುವುದು ಕಷ್ಟ. ದಿನಾ ನೈವೇದ್ಯಕ್ಕೆ ನೀರಿಡುವಾಗ ಆ ತಂಬಿಗೆಯನ್ನು ನೋಡಲು ನನ್ನಿಂದ ಆಗುವುದಿಲ್ಲ.

ತುಫಾನಿನ ಮಳೆಯಲ್ಲಿ ಹೊರಟವರೇ, ನೀರು ಹರಿಯುವ ಸೇತುವೆಯ ಮುಂದೆ ಡ್ರೈವರನನ್ನು ಅವಸರ ಮಾಡಬೇಡಿ. ಕೈಯಲ್ಲಿ ಕುಡಿಯುವ ನೀರು ಇರಲಿ. ಮಗು ಕೇಳಿದರೆ ಕೊಡಿ. ಅದು ಬಾಯಿಬಿಟ್ಟು ಕೇಳದೆ ಬರೀ ತಂಬಿಗೆಯನ್ನು ನೋಡುತ್ತಿದ್ದರೂ ಕೊಡಿ. ಮೊದಲು ಕೊಡಿ, ಆಮೇಲೆ ದೇವರನ್ನು ಕರೆಯಿರಿ.