ಹುತ್ರಿದುರ್ಗದ ಬುಡದಲ್ಲಿ ಮಲಗಿದ ಹೊಗೆ

ಹುತ್ರಿದುರ್ಗ ಬೆಟ್ಟದ ಮೆಟ್ಟಿಲ ಮೇಲೆ ಕೂತಿದ್ದೇನೆ. ಬೆಳಿಗ್ಗೆ ಕುಣಿಗಲ್‌ನಿಂದ ಬೈಕಿನಲ್ಲಿ ಬರುವಾಗ ಹುತ್ರಿದುರ್ಗದ ಬುಡದಲ್ಲಿ ಬಿಳಿ ಪದರ ಕಂಡಿತು. ಮಂಜೆಂದುಕೊಂಡು ಒಳಗೆ ನುಗ್ಗಿಸಿದೆ. ಅದು ಹೊಗೆ! ಹಿಂದೆ ಕೂತಿದ್ದ ಅಕ್ಕನಿಗೆ ಮೊದಲೇ ಉಬ್ಬಸ. ಕೆಮ್ಮಿ ಕೆಮ್ಮಿ ಉಸಿರೇ ಕಟ್ಟಿತು. ಇನ್‌ಹೇಲರ್ ಎರಡು ಸಲ ಎಳೆದರೂ ಸಾಲಲಿಲ್ಲ.

"ಇಲ್ಲೇ ನಿಂತ್ರೆ ಸತ್ತೋಯ್ತಾಳೆ ಕಣಪ್ಪ, ಮೇಲಕ್ಕೆ ಹತ್ಸು!" ತೋಟದಿಂದ ಓಡಿಬಂದ ರೈತರೊಬ್ಬರು ಅವಳ ಇನ್ನೊಂದು ತೋಳು ಹಿಡಿದರು. ಬೆಟ್ಟದ ಐವತ್ತು ಮೆಟ್ಟಿಲು ಹತ್ತಿದೆವು, ಅಷ್ಟೇ. ತಿಳಿಗಾಳಿ! ಅಕ್ಕ ಉಸಿರೆಳೆದಳು. ಕೆಳಗೆ ಹೊಗೆ ಮುಚ್ಚಳ ಹಾಕಿದಂತೆ ಮಟ್ಟಸವಾಗಿ ಮಲಗಿತ್ತು.

"ತೆಂಗಿನ ಗರಿಗೆ ನಾನೇ ಬೆಂಕಿ ಹಾಕಿದ್ದು," ಅಂದರು ಅವರು, ತಲೆ ತಗ್ಗಿಸಿ. "ಹೊತ್ತೇರಿದ್ರೆ ಗಾಳಿ ಬತ್ತದೆ, ಕಿಡಿ ಹಾರಿ ತೋಟವೇ ಹೋಯ್ತದೆ. ಅದಕ್ಕೇ ಚಳೀಲಿ ಹಚ್ಚೋದು."

"ಆ ಚಳಿಯೇ ಹೊಗೇನ ಮೇಲೇಳೋಕೆ ಬಿಡಲ್ಲ, ಸುತ್ತ ಗುಡ್ಡ ಬೇರೆ," ಎಂದೆ.

"ಬಿಸ್ಲು ಬಿದ್ರೆ ಏಳ್ತದೆ ಬುಡಪ್ಪ."

ಇದೀಗ ಬಿಸಿಲು ಬಿತ್ತು. ಹೊಗೆ ಅಲುಗಿತು, ಎದ್ದಿತು, ಇಳಿಜಾರು ಹಿಡಿದು ನಮ್ಮತ್ತಲೇ ಹತ್ತುತ್ತಿದೆ.

"ಏನೋ ನೋಡ್ತಾ ಕೂತಿದೀಯ, ಏಳೋ!" ಅಕ್ಕ ಆಗಲೇ ಹತ್ತು ಮೆಟ್ಟಿಲು ಮೇಲಿದ್ದಾಳೆ.