ಕೆಂಪಿಗೆ ಒಯ್ದ ಸೀರೆ

ಬೆಳಗ್ಗೆ ಆರೂವರೆಗೆ ಹಾಸನದಲ್ಲಿ ಅರಕಲಗೂಡಿನ ಬಸ್ ಹತ್ತಿದಾಗ ನನ್ನ ಬ್ಯಾಗಿನಲ್ಲಿ ನೀರಿನ ಬಾಟಲಿ, ಆಧಾರ್ ಕಾರ್ಡು ಮತ್ತು ರತ್ನತ್ತಿಗೆಯ ಒಂದು ಹಳೇ ಸೀರೆ ಇದ್ದವು. ಆಧಾರ್ ನೋಡಿ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ಸೀರೆಯದು ಅಷ್ಟು ಸಲೀಸಾದ ಕಥೆಯಲ್ಲ.

ರತ್ನತ್ತಿಗೆ ನನ್ನ ಅಣ್ಣ ಚಂದ್ರಣ್ಣನ ಹೆಂಡತಿ. ಮಲ್ಲಿಪಟ್ಟಣದಲ್ಲಿ ಮನೆ. ಎರಡು ದಿನದ ಹಿಂದೆ ಕೊಟ್ಟಿಗೆ ಬಾಗಿಲಲ್ಲಿ ಜಾರಿಬಿದ್ದು ತೊಡೆಮೂಳೆ ಮುರಿದುಕೊಂಡು ಹಾಸನದ ಆಸ್ಪತ್ರೆ ಸೇರಿದ್ದಳು. ಆಪರೇಷನ್ ತಡ ಮಾಡಬೇಡಿ ಎಂದು ಡಾಕ್ಟರು ಹೇಳಿದರೂ ಒಪ್ಪಿಗೆ ಪತ್ರಕ್ಕೆ ಸೈ ಹಾಕಲೊಲ್ಲಳು. "ಕೆಂಪಿ ಆಲು ಕೊಟ್ಳು ಅಂತ ಗೊತ್ತಾಗ್ಲಿ. ಅಲ್ಲೀಗಂಟ ನನ್ನ ಮುಟ್ಬ್ಯಾಡಿ" ಎಂದು ಹಟ ಹಿಡಿದಿದ್ದಳು.

ಕೆಂಪಿ ಅವಳ ಹಸು. ಅತ್ತಿಗೆಯ ಕೈ ಬಿಟ್ಟರೆ ಇನ್ನೊಬ್ಬರ ಕೈಗೆ ಹಾಲಿಲ್ಲ. ಅದರಲ್ಲೂ ಅಣ್ಣನನ್ನು ಕಂಡರೆ ಆಗದು. ಯಾಕೆಂದರೆ ಅತ್ತಿಗೆ ಸಂತೆಗೆ ಹೋಗಿದ್ದ ದಿನ ಇವನು ಕರುವನ್ನು ಮೇಯಲು ಬಿಡುವವನ ಹಾಗೆ ಬಿಚ್ಚಿ, ಕೆಂಪಿಯ ಕಣ್ಣೆದುರೇ ಮಾರಿಬಿಟ್ಟಿದ್ದ. ಹಸು ಮರೆಯಲಿಲ್ಲ, ಅತ್ತಿಗೆಯೂ ಮರೆಯಲಿಲ್ಲ. ಈಗ ಎರಡು ದಿನದಿಂದ ಕೆಚ್ಚಲು ಬಿಗಿದಿದೆ, ಬಾವು ಬಂದರೆ ಹಸುವೇ ಹಾಳಾಗುತ್ತದೆ.

ನಮ್ಮ ಕಡೆ ಇದಕ್ಕೊಂದು ಉಪಾಯವಿದೆ. ದಿನಾ ಕರೆಯುವವಳ ಕೊಟ್ಟಿಗೆ ಸೀರೆಯನ್ನು ಸುತ್ತಿಕೊಂಡು ಕರೆಯಲು ಕೂರುವುದು. ಅತ್ತಿಗೆ ಬಿದ್ದಾಗ ಉಟ್ಟಿದ್ದು ಅದೇ ಸೀರೆ. ಅಣ್ಣ ಫೋನಿನಲ್ಲಿ, "ಅದ್ನ ತಗಂಡ್ ಬಾ ಕಣವ್ವ" ಎಂದ.

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳುವವಳು. ಪ್ರಾಣಿಗಳಿಗೆ ಇರುವುದು ಭಯ ಮಾತ್ರ, ಅನುಮಾನ ಮನುಷ್ಯರ ಕಾಯಿಲೆ ಎಂದು ಎಷ್ಟೋ ವರ್ಷದಿಂದ ಮಕ್ಕಳಿಗೆ ಹೇಳಿಕೊಂಡು ಬಂದಿದ್ದೆ.

ಗೊರೂರು ದಾಟುವಾಗ ಸಣ್ಣಗೆ ಹನಿಯುತ್ತಿತ್ತು. ಹೊಲಗಳಲ್ಲಿ ಹೊಗೆಸೊಪ್ಪು, ನಡುನಡುವೆ ಶುಂಠಿ. ಅರಕಲಗೂಡಿನಲ್ಲಿ ಇಳಿದು ಎರಡು ಇಡ್ಲಿ, ಒಂದು ಕಾಫಿ ಮುಗಿಸಿ ಮಲ್ಲಿಪಟ್ಟಣದ ಬಸ್ ಹಿಡಿದೆ. ಕಿಟಕಿಯ ಗಾಜು ಏರದೆ ನನ್ನ ಬಲಭುಜ ಪೂರ್ತಿ ನೆನೆಯಿತು.

ಅಣ್ಣ ಸ್ಟಾಪಿನಲ್ಲೇ ಕಾಯುತ್ತಿದ್ದ. ಸೀರೆಯನ್ನು ಕೈಗೆ ತಗೊಂಡವನೇ ಮೂಗಿಗೆ ಹಿಡಿದ.

"ಒಗ್ದ್‌ಬುಟ್ಟಿದ್ದೀಯ?"

"ಕೆಸರಾಗಿತ್ತು ಅಣ್ಣ. ಹಾಗೇ ಹೇಗೆ ತರೋದು?"

"ಅಯ್ಯೋ, ಓದಿದೋಳೇ!" ಎಂದು ಹಣೆ ಚಚ್ಚಿಕೊಂಡ. ನನಗೂ ಆಗಲೇ ಹೊಳೆದದ್ದು. ಅಷ್ಟು ದೂರದಿಂದ ಹೊತ್ತು ತಂದದ್ದು ಬರೀ ಸೋಪಿನಪುಡಿಯ ವಾಸನೆ. ನಾಚಿಕೆಯಾಯಿತು.

ಆದರೂ ಕೊಟ್ಟಿಗೆಗೆ ಹೋಗಿ ಅಣ್ಣ ಅದೇ ಸೀರೆ ಸುತ್ತಿಕೊಂಡು, ಮೀಸೆಯ ಮೇಲೆ ಸೆರಗು ಎಳೆದುಕೊಂಡು ಕರೆಯಲು ಕೂತ. ಇನ್ಯಾವ ದಿನವಾದರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಕೆಂಪಿ ಸೆರಗನ್ನು ಒಂದು ಸಲ ಮೂಸಿ ಬುಸ್ ಎಂದು ಉಸಿರು ಬಿಟ್ಟು ಒದ್ದ ಏಟಿಗೆ ಪಾತ್ರೆ ಹೋಗಿ ಗೋಡೆಗೆ ಬಡಿಯಿತು. ಅಣ್ಣ ಸಗಣಿಯ ಮೇಲೆ ಕೂತಿದ್ದ.

ಅಷ್ಟರಲ್ಲಿ ಗೂಟದಲ್ಲಿ ನೇತಾಡುತ್ತಿದ್ದ ಸಿಂಬೆ ನನ್ನ ಕಣ್ಣಿಗೆ ಬಿತ್ತು. ಹುಲ್ಲಿನ ಹೊರೆ ಹೊರುವಾಗ ಅತ್ತಿಗೆ ತಲೆಯ ಮೇಲಿಡುವ ಬಟ್ಟೆಯ ಸುರುಳಿ ಅದು. ಎಣ್ಣೆ, ಬೆವರು ಹಿಡಿದು ಕರ್ರಗಾಗಿತ್ತು. ಪುಣ್ಯಕ್ಕೆ ಅದನ್ನು ಯಾರೂ ಒಗೆದಿರಲಿಲ್ಲ. ತಂದು ಅಣ್ಣನ ತೋಳಿಗೆ ಸಿಕ್ಕಿಸಿದೆ.

ಕೆಂಪಿ ಮೂಸಿತು. ಬಹಳ ಹೊತ್ತು ಮೂಸಿತು, ನೆಕ್ಕಿತು. ಆಮೇಲೆ ಕತ್ತು ಹೊರಳಿಸಿ ಅಣ್ಣನ ಮುಖವನ್ನೇ ನೋಡಿತು. ಮೋಸ ಹೋಗಿರಲಿಲ್ಲ ಅದು. ಕೂತವನು ಯಾರೆಂದು ಅದಕ್ಕೆ ಚೆನ್ನಾಗಿ ಗೊತ್ತಿತ್ತು.

ಅಣ್ಣ ತಲೆ ತಗ್ಗಿಸಿದ. "ತಪ್ಪಾಯ್ತು ಕಣವ್ವ" ಎಂದ. ನನಗಲ್ಲ, ಹಸುವಿಗೆ.

ಸ್ವಲ್ಪ ಹೊತ್ತಿಗೆ ಹಾಲು ಇಳಿಯಿತು. ಸೀರೆಯ ಮೇಲೂ ಹಾರಿತು. ಕರೆದು ಮುಗಿಯುವ ತನಕ ಕೆಂಪಿ ಅಣ್ಣನ ಮೇಲಿಂದ ಕಣ್ಣು ತೆಗೆಯಲಿಲ್ಲ. ಬರೀ ಭಯವಾಗಿದ್ದರೆ ಹಗ್ಗ ಜಗ್ಗುತ್ತಿತ್ತು. ಇದು ನಿಂತು, ವಿಚಾರಿಸಿ, ಆಮೇಲೆ ಕೊಟ್ಟಿತು. ಇಷ್ಟು ವರ್ಷ ಮಕ್ಕಳಿಗೆ ಹೇಳಿದ್ದು ಸುಳ್ಳೇನೋ ಅನ್ನಿಸಿತು.

ಮುದ್ದೆ, ಹುರುಳಿಕಾಳು ಸಾರು ಉಂಡು ಹನ್ನೆರಡೂವರೆಯ ಬಸ್ ಹತ್ತಿದೆ. ಅಣ್ಣ ಸೀರೆ ಸುತ್ತಿಕೊಟ್ಟು, "ಒಗೀಬ್ಯಾಡ ಕಣವ್ವ, ನಿನ್ ದಮ್ಮಯ್ಯ" ಎಂದ.

ಆಸ್ಪತ್ರೆ ತಲುಪಿದಾಗ ಮೂರೂವರೆ. "ಕೊಟ್ಟಿತು ಅತ್ತಿಗೆ. ಅಣ್ಣನೇ ಕರೆದ" ಎಂದೆ.

"ಸುಮ್ಕೆ ಯೋಳ್ಬ್ಯಾಡ. ನನ್ ಸಮಾಧಾನಕ್ಕೆ ಅಂತೀಯ."

ಅಣ್ಣ ಕರೆಯುವಾಗ ಮೊಬೈಲಿನಲ್ಲಿ ಹಿಡಿದಿದ್ದ ವಿಡಿಯೋ ತೋರಿಸಿದೆ. "ಇದ್ರಾಗೆ ಏನ್ ಬೇಕಾದ್ರೂ ಮಾಡ್ತಾರಂತೆ" ಎಂದು ಮುಖ ತಿರುಗಿಸಿದಳು. ನನಗೆ ರೇಗಿಹೋಯಿತು. ಸೀರೆ ತೆಗೆದು ಹಾಸಿಗೆಯ ಮೇಲೆ ಹಾಕಿದೆ.

ಅತ್ತಿಗೆ ಸೆರಗನ್ನು ಮೂಗಿಗೆ ಹಿಡಿದಳು. "ಒಗ್ದಿದ್ದೀಯ" ಎಂದು ನನ್ನನ್ನು ದುರುಗುಟ್ಟಿ ನೋಡಿದಳು. ಮತ್ತೆ ಮಡಿಕೆ ಬಿಚ್ಚಿ, ಹಾಲು ಹಾರಿ ಒಣಗಿದ ಜಾಗ ಹುಡುಕಿ ಮೂಸಿದಳು. ಬಹಳ ಹೊತ್ತು ಮೂಸಿದಳು. ಆಮೇಲೆ ಕತ್ತು ಹೊರಳಿಸಿ ನನ್ನ ಮುಖವನ್ನೇ ನೋಡಿದಳು. ಬೆಳಗ್ಗೆ ಕೊಟ್ಟಿಗೆಯಲ್ಲಿ ಕಂಡ ನೋಟವೇ.

"ನಿಮ್ಮಣ್ಣಂಗೆ ಒದ್ಲಾ?"

"ಒದ್ದಳು. ಅಣ್ಣ ಅವಳ ಹತ್ತಿರ ತಪ್ಪಾಯ್ತು ಅಂದ."

ಅತ್ತಿಗೆಯ ಕಣ್ಣು ತುಂಬಿತು. "ನಂತಾವ ಒಂದಿನಾನೂ ಅನ್ನಲಿಲ್ಲ ಕಣವ್ವ" ಎಂದಳು. ಸೀರೆಯನ್ನು ಮಡಿಚಿ ತಲೆದಿಂಬಿನ ಕೆಳಗಿಟ್ಟುಕೊಂಡು, ಪೆನ್ನಿಗೆ ಕೈ ಚಾಚಿದಳು.